ಅಪ್‌ಡೇಟ್: ಆ್ಯಂಟಿಬಯಾಟಿಕ್ ಹಾಕದೆಯೇ ಕೆರೆ ಸುಧಾರಿಸಿತು

ಸೋಮವಾರಪೇಟೆ ಕಡೆಯ ನಮ್ಮ ತೋಟದ ಕೆರೆಯಲ್ಲಿ ಕಾಟ್ಲಾ, ರೋಹು ಮೀನುಗಳಿಗೆ ಕೆಂಪು ಹುಣ್ಣಾಗಿದೆ, ಕರಾವಳಿಯ ಸಿಗಡಿ ಕೃಷಿಕರು ಬಳಸುವ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ) ಇಲ್ಲೂ ನಡೆಯುತ್ತಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಧನ್ಯವಾದ.

ಸಿಗಡಿಗೆ ಕಾಡುವುದು ಹೆಚ್ಚಾಗಿ ಉಪ್ಪುನೀರಿನ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ. ನಮ್ಮ ಸಿಹಿನೀರಲ್ಲಿ ಹೆಚ್ಚಾಗಿ ಏರೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ. ಆದರೂ ಎರಡಕ್ಕೂ ಮೊದಲು ನೀರು ಸರಿಯಾಗಬೇಕು. ಕೆರೆಗೆ ಏನೇನು ಇಳಿಯುತ್ತದೆ ನೋಡಿ ಅಂದಿದ್ದಿರಲ್ಲ, ನಿಜ: ಮಳೆಗೆ ಕೊಟ್ಟಿಗೆಯ ಗಂಜಲ ನೇರ ಅಲ್ಲಿಗೇ ಹರಿಯುತ್ತಿತ್ತು! ಚರಂಡಿ ತಿರುಗಿಸಿದೆ, ಮೇವು ಅರ್ಧ ಮಾಡಿದೆ, ಪಿಎಚ್ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಸುಣ್ಣ ಹಾಕಿದೆ. ಸುಣ್ಣ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಹಾಗಾಗಿ ವಾರ ಬಿಟ್ಟೇ ಪ್ರೊಬಯಾಟಿಕ್, ಅಂದರೆ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಪುಡಿ. ಬೆಲ್ಲದ ನೀರಲ್ಲಿ ಕದಡಿ ರಾತ್ರಿಯಿಡೀ ಗಾಳಿ ಆಡಿಸಿದರೆ ಬೆಳಿಗ್ಗೆ ಮೇಲೆಲ್ಲ ನೊರೆ, ಹುಳಿ ವಾಸನೆ. ಬಿಸಿಲೇರಿ ನೀರಲ್ಲಿ ಆಮ್ಲಜನಕ ಹೆಚ್ಚಿದ ಮೇಲೆ ಎರಚಿದೆ, ಯಾಕೆಂದರೆ ಈ ಬ್ಯಾಕ್ಟೀರಿಯಾಗಳೂ ಅದನ್ನು ಎಳೆದುಕೊಳ್ಳುತ್ತವೆ.

ಮೂರು ವಾರವಾಯಿತು. ಮೀನು ಸತ್ತು ತೇಲುವುದು ನಿಂತಿದೆ. ನಿನ್ನೆ ಬಲೆಗೆ ಸಿಕ್ಕ ಕಾಟ್ಲಾದ ಹುಣ್ಣು ಒಣಗಿ, ಅಂಚಲ್ಲಿ ಹೊಸ ಚರ್ಮ ಬಂದಿತ್ತು. ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದೆ. ನನ್ನ ಪ್ರಕಾರ ಚರಂಡಿ ತಿರುಗಿಸಿದ್ದೇ ದೊಡ್ಡ ಕಾರಣ, ಪ್ರೊಬಯಾಟಿಕ್ ಆಮೇಲಿನದು.

ಅಂಗಡಿಯವರು ಕೊಟ್ಟಿದ್ದ ಆ್ಯಂಟಿಬಯಾಟಿಕ್ ಪುಡಿಯನ್ನು ಒಡೆಯದೆ ವಾಪಸ್ ಕೊಟ್ಟೆ. ಯಾಕೆಂದರೆ ನಮ್ಮ ಕೆರೆ ತುಂಬಿದರೆ ನೀರು ಇಳಿಯುವುದು ಕೆಳಗಿನವರ ಗದ್ದೆಗೆ, ಅದರ ಜೊತೆ ಆ ಔಷಧಿಯೂ.