ಐಹೊಳೆ: ಗುಡಿ ಪಕ್ಕ ಸ್ವಂತ ಹಿತ್ತಲಲ್ಲಿ ಮನೆಗೆ ಅನುಮತಿ ಇಲ್ಲ. ಇದು ನ್ಯಾಯವೇ?

ಮಾಳಗಿ_ಮನಿ: ಐಹೊಳಿಯೊಳಗ ನಮ್ಮ ಕಾಕಾಂದು ಹಳೀ ಮಾಳಗಿ ಮನಿ ಐತಿ. ಮಣ್ಣಿನ ಗ್ವಾಡಿ ಉಬ್ಬಿ ನಿಂತಾವ. ಮಕ್ಕಳು ಇಬ್ಬರೂ ಬ್ಯಾರೆ ಆದ್ರು. ಸಣ್ಣಾಂವ ಹಿತ್ತಲದಾಗ ಎರಡು ಖೋಲಿ ಕಟ್ಟಾಕ ಅರ್ಜಿ ಹಾಕಿದ. ಗುಡಿಯಿಂದ 100 ಮೀಟರ್ ಒಳಗ ಬರತೈತಿ, ಆಗಂಗಿಲ್ಲ ಅಂದ್ರು. 1500 ವರ್ಷ ಆ ಗುಡಿ ನಮ್ಮ ಮನಿಗಳ ನಡುವನ ನಿಂತೈತಿ. ಈಗ ಎರಡು ಖೋಲಿ ಕಟ್ಟಿದ್ರ ಬಿದ್ದು ಹೋಗತೈತೇನು?

ಕಾನೂನು_ಕಟ್ಟೆ: 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿ. 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಿಷೇಧಿತ ಜಾಗದಲ್ಲಿ ಹೊಸ ಮನೆಗೆ ಅನುಮತಿ ಕೊಡುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ, ಆದ್ದರಿಂದ ಅವರನ್ನು ಬೈದು ಪ್ರಯೋಜನ ಇಲ್ಲ. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಮನೆಯಾದರೆ ರಿಪೇರಿಗೆ ಅರ್ಜಿ ಹಾಕಬಹುದು. ಹಾಕಿಸಿ.

ಶಾಸನಪ್ರಿಯ: "1500 ವರ್ಷ"ಕ್ಕೆ ಆಧಾರ ಏನು? ಐಹೊಳೆಯ ಬಹಳಷ್ಟು ಗುಡಿಗಳು 7-8ನೇ ಶತಮಾನದವು. ಕಾಲವನ್ನು ಖಚಿತವಾಗಿ ಹೇಳಬಹುದಾದದ್ದು ಬೆಟ್ಟದ ಮೇಲಿನ ಮೇಗುತಿ ಜೈನ ಗುಡಿ, ಅಲ್ಲಿ ಕವಿ ರವಿಕೀರ್ತಿಯ ಶಾಸನ ಇರುವುದರಿಂದ. ಕ್ರಿ.ಶ. 634.

ಮಾಳಗಿ_ಮನಿ: @ಕಾನೂನು_ಕಟ್ಟೆ ರಿಪೇರಿ ಅಂತ ಹೇಳೂದು ಸಸಾರ ಐತ್ರಿ. ಮಣ್ಣಿನ ಗ್ವಾಡಿ ಒಮ್ಮೆ ಉಬ್ಬಿತು ಅಂದ್ರ ಕೆಡವಿ ಕಟ್ಟಬೇಕು. ಕೆಡವಿ ಕಟ್ಟಿದ್ರ ಅದು ರಿಪೇರಿ ಅಲ್ಲ, ಪುನರ್ನಿರ್ಮಾಣ ಅಂತ ಅದೇ ಕಾಯ್ದೆ ಹೇಳತೈತಿ. ನೀವ ಓದೀರಲ್ಲ?

ಬೆಂಗ್ಳೂರ್_ಬೈಕರ್: ಎರಡು ರೂಮ್ ಅಂತಲೇ ಶುರು ಆಗೋದು ಗುರು. ಆಮೇಲೆ ಮೇಲೊಂದು ಮಹಡಿ, ಕೆಳಗೆ ಹೋಟೆಲ್, ಮೇಲೆ ಹೋಂಸ್ಟೇ ಬೋರ್ಡ್. ಹಂಪಿ ಬಜಾರ್ ಹೇಗಿತ್ತು ನೋಡಿದ್ದೀನಿ.

ತುಂಗೆಯ_ದಡ: ಹಂಪಿ ಬಜಾರ್ "ಹೇಗಿತ್ತು" ನೋಡಿದ್ದೀರಿ ಸರಿ, 2011ರಲ್ಲಿ ಅಲ್ಲಿದ್ದವರನ್ನು ಹೇಗೆ ಎಬ್ಬಿಸಿದರು ಅದನ್ನೂ ನೋಡಿದ್ರಾ? ಐಹೊಳೆಯಲ್ಲಂತೂ ಒಂದು ಗುಡಿಯ 100 ಮೀಟರ್ ದಾಟಿದರೆ ಇನ್ನೊಂದರ 100 ಮೀಟರ್ ಶುರು. ಜನ ಎಲ್ಲಿ ಕಟ್ಟಬೇಕು, ಮಲಪ್ರಭೆಯಲ್ಲಾ? ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದಿದ್ದೇ ಅದರೊಳಗೆ ವಾಸ ಇದ್ದವನಿಂದ. 5ನೇ ಶತಮಾನದ ಗುಡಿ, ಒಳಗೆ ಒಲೆ ಉರಿದರೂ ಏನೂ ಆಗಲಿಲ್ಲ.

ಶಾಸನಪ್ರಿಯ: ಲಾಡ್‌ಖಾನ್ 5ನೇ ಶತಮಾನದ್ದಲ್ಲ! ಈ ತಪ್ಪು ಇನ್ನೂ ಎಷ್ಟು ವರ್ಷ ಓಡುತ್ತೆ?

ತುಂಗೆಯ_ದಡ: ಕ್ರಿ.ಶ. 450 ಅಂತ ಪುಸ್ತಕಗಳಲ್ಲೇ ಇದೆ ಸ್ವಾಮಿ.

ಶಾಸನಪ್ರಿಯ: ಹಳೆಯ ಪುಸ್ತಕಗಳಲ್ಲಿ. ನಂತರದ ವಿದ್ವಾಂಸರು 7ನೇ ಶತಮಾನದ ಕೊನೆ ಅಥವಾ 8ನೇ ಶತಮಾನಕ್ಕೆ ತಂದಿದ್ದಾರೆ. 450ರಲ್ಲಿ ಬಾದಾಮಿ ಚಾಲುಕ್ಯರೇ ಇರಲಿಲ್ಲ. ಬಾದಾಮಿ ಬಂಡೆಯ ಮೇಲೆ ಒಂದನೇ ಪುಲಕೇಶಿಯ ಕೋಟೆಯ ಶಾಸನ ಕ್ರಿ.ಶ. 543ರದ್ದು.

ತುಂಗೆಯ_ದಡ: ಚಾಲುಕ್ಯರೇ ಕಟ್ಟಿಸಿದ್ದು ಅಂತ ನಾನು ಎಲ್ಲಿ ಹೇಳಿದೆ? ಆ ಗುಡಿಯ ಚಾವಣಿ ನೋಡಿ. ಚಪ್ಪಡಿಗಳ ಸಂದಿನ ಮೇಲೆ ಮರದ ತೊಲೆಯಂತೆ ಕಲ್ಲಿನ ಪಟ್ಟಿ ಇಟ್ಟಿದ್ದಾರೆ. ಮರದಲ್ಲಿ ಕಟ್ಟುತ್ತಿದ್ದವರು ಆಗಷ್ಟೇ ಕಲ್ಲಿಗೆ ಕೈ ಹಾಕಿದ ಹಾಗಿದೆ.

ಶಾಸನಪ್ರಿಯ: ಸರಳವಾಗಿದ್ದರೆ ಹಳೆಯದು ಅನ್ನುವ ವಾದವೇ ಬಿದ್ದುಹೋಗಿದೆ. ದುರ್ಗ ಗುಡಿಯನ್ನೂ ಹೀಗೇ ಹಿಂದಕ್ಕೆ ತಳ್ಳಿದ್ದರು. ಆಕಾರ ನೋಡಿ ಕಾಲ ಹೇಳೋದು ಮುಖ ನೋಡಿ ಜಾತಕ ಬರೆದ ಹಾಗೆ.

ತುಂಗೆಯ_ದಡ: ಜಾತಕ ಬರೆಯೋದು ನಿಮ್ಮ ಕೆಲಸ ಇರಬಹುದು, ನಂದಲ್ಲ. ನಿಮ್ಮ 8ನೇ ಶತಮಾನಕ್ಕೂ ಆಕಾರವೇ ತಾನೆ ಆಧಾರ? ಆ ಗುಡಿ ಇಂಥ ವರ್ಷ ಕಟ್ಟಿದ್ದು ಅಂತ ಶಾಸನ ತೋರಿಸಿ, ಒಪ್ತೀನಿ.

ಬೆಂಗ್ಳೂರ್_ಬೈಕರ್: ಯಾವ ಶತಮಾನ ಆದ್ರೇನು, ಉಳಿಸಬೇಕು ತಾನೆ? ಊರನ್ನೇ ಬೇರೆ ಕಡೆ ಸಾಗಿಸೋದು ಒಳ್ಳೇದು.

ಶಾಸನಪ್ರಿಯ: "ಯಾವ ಶತಮಾನ ಆದ್ರೇನು" ಅನ್ನೋರೇ ಪರಂಪರೆ ಉಳಿಸೋಕೆ ಬರೋದು. ಭೇಷ್.

ಮಾಳಗಿ_ಮನಿ: "ಸಾಗಿಸೋದು" ಅನ್ನಾಕ ನಾವೇನು ಜ್ವಾಳದ ಚೀಲ ಅಲ್ಲೋ ತಮ್ಮಾ. ಸ್ಥಳಾಂತರದ ಮಾತು ನಮ್ಮ ಅಜ್ಜ ಕೇಳ್ಯಾನ, ಅಪ್ಪ ಕೇಳ್ಯಾನ, ಈಗ ನಾ ಕೇಳಾಕತ್ತೀನಿ. ಜಾಗಾನೂ ಕೊಡಂಗಿಲ್ಲ, ಇದ್ದಲ್ಲೆ ಕಟ್ಟಾಕೂ ಬಿಡಂಗಿಲ್ಲ. ಬೆಂಗಳೂರಾಗ ಕುಂತು ನಮ್ಮೂರು ಎತ್ತಿಡಬ್ಯಾಡ.

ಬೆಂಗ್ಳೂರ್_ಬೈಕರ್: ಏಕವಚನ ಬೇಡ.

ದಾಖಲೆ_ದಾಸ: ಸ್ಮಾರಕಗಳ ಕಾವಲು ಕಾಯುವ ಪುರಾತತ್ವ ಇಲಾಖೆಯವರ ಹಣೆಬರಹ ಗೊತ್ತಲ್ಲ? ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2013ರ ವರದಿ ಪ್ರಕಾರ 92 ಸಂರಕ್ಷಿತ ಸ್ಮಾರಕಗಳು ಸ್ಥಳದಲ್ಲಿ ಪತ್ತೆಯೇ ಇರಲಿಲ್ಲ. ಅಂಥವರು ರೈತನ ಹಿತ್ತಲಿಗೆ ಟೇಪ್ ಹಿಡೀತಾರೆ.

ಕಾನೂನು_ಕಟ್ಟೆ: ಅರ್ಧ ಹೇಳಿದಿರಿ. ಆ 92ರಲ್ಲಿ 42 ಆಮೇಲೆ ಸಿಕ್ಕವು. 12 ಜಲಾಶಯಗಳಲ್ಲಿ ಮುಳುಗಿದ್ದವು, 24 ಸಿಗಲೇ ಇಲ್ಲ. ಉಳಿದ 14 ನಗರ ಬೆಳೆದು ನುಂಗಿದ್ದು. 100 ಮೀಟರ್ ಯಾಕೆ ಬೇಕು ಅನ್ನೋದಕ್ಕೆ ಆ 14 ಸಾಕು.

ದಾಖಲೆ_ದಾಸ: "ನಗರ" ಅಂತ ನೀವೇ ಬರೆದಿದ್ದೀರಿ. ಐಹೊಳೆ ನಗರವಾ? ಇನ್ನೊಂದು ಕೇಳಿ. ಇದೇ ನಿಷೇಧಿತ ಜಾಗದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗೆ ದಾರಿ ಮಾಡಲು ಮಸೂದೆ ತಂದು 2018ರ ಜನವರಿಯಲ್ಲಿ ಲೋಕಸಭೆಯಲ್ಲಿ ಪಾಸ್ ಮಾಡಿಸಿದರು. ರಸ್ತೆಗೆ ಸಡಿಲ, ಮನೆಗೆ ಇಲ್ಲ.

ಕಾನೂನು_ಕಟ್ಟೆ: ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಕಾಯ್ದೆ ಆಗಿಲ್ಲ. ಆಗದ ಕಾಯ್ದೆ ಹಿಡಿದು ವಾದ ಮಾಡಬೇಡಿ. @ಮಾಳಗಿ_ಮನಿ ಅವರೇ, 100 ಮೀಟರ್ ಅಳೆಯೋದು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಸರ್ವೆ ನಕ್ಷೆ ಕೇಳಿ ಪಡೀರಿ. ಹಿತ್ತಲು 100ರ ಆಚೆ ಬಿದ್ದರೆ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಕೇಳಬಹುದು. ಅನುಮತಿ ಇಲ್ಲದೆ ಪಾಯ ಮಾತ್ರ ತೆಗೆಯಬೇಡಿ. 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಮಾಳಗಿ_ಮನಿ: ಗಡಿಯಿಂದ ಅಳದ್ರ ನಮಗ ಇನ್ನಷ್ಟು ಲುಕ್ಸಾನ ಐತ್ರಿ. ಗಡಿ ನಮ್ಮ ಕಡಿಗೇ ಹತ್ತರ ಐತಿ. ಜೈಲಿನ ಹೆದರಿಕಿ ನಮಗ ಹಾಕಬ್ಯಾಡ್ರಿ, ಕಾಯ್ದೆ ಮುರಿಯೂದಿದ್ರ ಅರ್ಜಿ ಯಾಕ ಹಾಕತಿದ್ವಿ?

ಕಾನೂನು_ಕಟ್ಟೆ: ಹೆದರಿಸಿಲ್ಲ. ಕಲಂನಲ್ಲಿ ಇದ್ದದ್ದು ಬರೆದೆ.

ತುಂಗೆಯ_ದಡ: @ಶಾಸನಪ್ರಿಯ ಶಾಸನ ಇನ್ನೂ ಬಂದಿಲ್ಲ.

ಶಾಸನಪ್ರಿಯ: 450ಕ್ಕೆ ನಿಮ್ಮ ಹತ್ತಿರ ಇದೆಯಾ? ಮೊದಲು ನೀವು ಹಾಕಿ.