ಆ ಚೆಸ್ ಹುಡುಗಿಯ ಸೀರೀಸ್ ಹನ್ನೊಂದು ವರ್ಷದ ಮಗಳಿಗೆ ತೋರಿಸಬಹುದಾ?

ಡೊಂಬಿವಲಿ ಅಪ್ಪ:
ಎಲ್ಲರೂ 2020ರಲ್ಲೇ ನೋಡಿ ಮುಗಿಸಿದ 'ದಿ ಕ್ವೀನ್ಸ್ ಗ್ಯಾಂಬಿಟ್' ನಾನು ಈಗ ನೋಡುತ್ತಿದ್ದೇನೆ, ನಗಬೇಡಿ. ಇರುವುದು ಏಳೇ ಕಂತು, ನಾಲ್ಕು ಮುಗಿದಿವೆ. ನೋಡುವುದು ಲೋಕಲ್‌ನಲ್ಲಿ, ಅದೂ ಸೀಟು ಸಿಕ್ಕ ದಿನ ಮಾತ್ರ. ಮೊನ್ನೆ ಘಾಟ್ಕೋಪರ್ ಹತ್ತಿರ ಬೆತ್ ಯೋಚನೆ ಮಾಡುತ್ತಾ ಕೂತಿದ್ದಾಗ, ನನ್ನ ತಲೆಯ ಮೇಲೆ ಹಿಡಿಕೆ ಹಿಡಿದು ನಿಂತಿದ್ದ ಒಬ್ಬರು ಫೋನಿಗೆ ಬಗ್ಗಿ "ಘೋಡಾ ಉಚಲ್ ನಾ" ಅಂದರು. ಕುದುರೆ ಎತ್ತಬೇಕಂತೆ!

ವಿಷಯ ಏನೆಂದರೆ ಮಗಳು ಸೊಸೈಟಿಯ ಕ್ಲಬ್‌ಹೌಸ್‌ನಲ್ಲಿ ಚೆಸ್ ಕಲಿಯುತ್ತಾಳೆ. ಅವಳಿಗೂ ಇದನ್ನು ನೋಡಬೇಕು. ಆದರೆ ಮೊದಲ ಕಂತಿನಲ್ಲೇ ಅನಾಥಾಶ್ರಮದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಸಿರು ಮಾತ್ರೆ ಕೊಡುತ್ತಾರೆ, ಈ ಹುಡುಗಿ ಅದನ್ನು ಕೂಡಿಟ್ಟು ರಾತ್ರಿ ನುಂಗಿ ಚಾವಣಿಯಲ್ಲಿ ಆಟ ನೋಡುತ್ತಾಳೆ. ತೋರಿಸಬಹುದಾ? ಇನ್ನೊಂದು, ಬೆತ್ ಹಾರ್ಮನ್ ನಿಜವಾಗಿ ಇದ್ದವಳಾ? ನನ್ನ ಹೆಂಡತಿ ಹೌದು ಅಂತ ಬೆಟ್ ಕಟ್ಟಿದ್ದಾಳೆ.

ಮತ್ತೆ ನನಗೆ ಬರುವುದು ಶಿರಸಿಯಲ್ಲಿ ಅಜ್ಜ ಕಲಿಸಿದ ಆಟ. ಕಾಲಾಳು ಒಂದೊಂದೇ ಮನೆ ನಡೆಯುತ್ತಿತ್ತು, ರಾಜ ಒಂದು ಸಲ ಕುದುರೆ ಹಾಗೆ ಹಾರಬಹುದಿತ್ತು, ರಾಣಿ ಅಂತ ಯಾರೂ ಇರಲೇ ಇಲ್ಲ, ಮಂತ್ರಿ ಇದ್ದ. ಹಾಗಾಗಿ ಬೋರ್ಡ್ ಮೇಲೆ ಏನಾಗುತ್ತಿದೆ ಅಂತ ಅರ್ಧ ತಲೆಗೆ ಹತ್ತುವುದಿಲ್ಲ. ಏನಾದರೂ ಮಿಸ್ ಆಗುತ್ತಿದೆಯಾ?

ಕೊಥ್ರೂಡ್ ಕುದುರೆ:
ಬೆಟ್‌ನಲ್ಲಿ ನೀವು ಗೆದ್ದಿರಿ ಸರ್, ಬೆತ್ ಕಲ್ಪನೆ. ವಾಲ್ಟರ್ ಟೆವಿಸ್ 1983ರಲ್ಲಿ ಬರೆದ ಕಾದಂಬರಿ ಅದು. ಮಾತ್ರೆಯ ಭಾಗ ಮಾತ್ರ ಪೂರ್ತಿ ಕಟ್ಟುಕಥೆಯಲ್ಲ, ಟೆವಿಸ್‌ಗೆ ಚಿಕ್ಕ ವಯಸ್ಸಿನಲ್ಲಿ ಹೃದಯದ ಕಾಯಿಲೆ ಬಂದಾಗ ನಿದ್ದೆ ಬರಿಸುವಂಥ ಔಷಧ ಜಾಸ್ತಿಯೇ ಕೊಟ್ಟಿದ್ದರು.

ಬೋರ್ಡ್ ಮೇಲಿನ ಆಟ ಮಾತ್ರ ಸುಳ್ಳಲ್ಲ. ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಮತ್ತು ಚೆಸ್ ಕೋಚ್ ಬ್ರೂಸ್ ಪಾಂಡೊಲ್ಫಿನಿ ಕೂತು ನಿಜವಾದ ಪಂದ್ಯಗಳನ್ನು ಆರಿಸಿ ಕೊಟ್ಟಿದ್ದಾರೆ. ಕೊನೆಯ ಆಟಕ್ಕೆ ಮೂಲ 1993ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಇವಾನ್ಚುಕ್ ಮತ್ತು ವುಲ್ಫ್ ಆಡಿದ್ದು. ಅದು ಡ್ರಾ ಆಗಿತ್ತು, ಇಲ್ಲಿ ನಡುವೆ ದಾರಿ ತಿರುಗಿಸಿದ್ದಾರೆ. ಯಾರು ಗೆದ್ದರು ಅಂತ ಹೇಳುವುದಿಲ್ಲ.

ಹೆಸರಿನ ಗ್ಯಾಂಬಿಟ್ ಸುಲಭ, ಕ್ವೀನ್ ಅಂದರೆ ನಿಮ್ಮ ಅಜ್ಜನ ಮಂತ್ರಿಯೇ. ಬಿಳಿಯವರು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾರೆ, ಕಪ್ಪಿನವರೂ ಹಾಗೇ. ಆಮೇಲೆ ಬಿಳಿ, ಮಂತ್ರಿ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಂದು "ಬೇಕಾದರೆ ತಗೋ" ಅಂತ ಇಡುತ್ತದೆ. ಕಪ್ಪು ಅದನ್ನು ಹೊಡೆಯಬಹುದು, ಆದರೆ ಉಳಿಸಿಕೊಳ್ಳುವುದಕ್ಕೆ ಹೋದರೆ ತನ್ನ ಕಡೆಯೇ ಹದಗೆಡುತ್ತದೆ, ಸಾಮಾನ್ಯವಾಗಿ ಬಿಳಿಗೆ ಅದು ವಾಪಸ್ ಸಿಗುತ್ತದೆ. ನಮ್ಮ ಮಂಡಿಯಲ್ಲಿ ಮೊದಲು ಒಂದು ಹಣ್ಣು ಸುಮ್ನೆ ತಿನ್ನಲು ಕೊಡುತ್ತಾರಲ್ಲ, ಹಾಗೆ. ಮೂರು ನಡೆ ಮಗಳಿಂದಲೇ ಹಾಕಿಸಿ ನೋಡಿ, ಉಳಿದದ್ದು ಗೊತ್ತಾಗದಿದ್ದರೂ ನಡೆಯುತ್ತದೆ, ನಟಿಯ ಕಣ್ಣು ನೋಡಿದರೆ ಯಾರು ಮೇಲಿದ್ದಾರೆ ಅಂತ ತಿಳಿಯುತ್ತದೆ.

ಹನ್ನೊಂದಕ್ಕೆ ಬೇಡ. ನಾಲ್ಕು ಕಂತು ನೋಡಿದ್ದೀರಿ, ಕುಡಿತ ಇನ್ನೂ ಜಾಸ್ತಿ ಆಗುವುದು ಮುಂದೆ.

ಮಾಟುಂಗದ ಅತ್ತೆ:
ನಾನು ಪೂರ್ತಿ ನೋಡಿದ್ದೇನೆ, ಎರಡು ಸಲ. ಬಟ್ಟೆ, ಗೋಡೆ ಕಾಗದ, ಹೋಟೆಲ್ ಎಲ್ಲ ಎಷ್ಟು ಚೆಂದ! ಆದರೆ ಒಂದು ತಕರಾರಿದೆ. ಆ ಹುಡುಗಿಗೆ ಸೋತ ಗಂಡಸರೆಲ್ಲ ಇಷ್ಟು ಬೇಗ ತಲೆಬಾಗಿ, ಆಮೇಲೆ ಮನೆಗೇ ಬಂದು ಪಾಠ ಹೇಳಿಕೊಡುತ್ತಾರಲ್ಲ, ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅವಳನ್ನು ಬಾಗಿಲಲ್ಲಿ ತಡೆಯುವವರೇ ಇಲ್ಲ ಅನ್ನುವಷ್ಟು ಕಡಿಮೆ.

ನಮ್ಮ ಮುಂಬೈಯ ಕಥೆ ಕೇಳಿ. ಖಾಡಿಲ್ಕರ್ ಅಕ್ಕತಂಗಿಯರು ಮೂವರು, ವಾಸಂತಿ, ಜಯಶ್ರೀ, ರೋಹಿಣಿ. ಮೊದಲ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಿದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ಗೆದ್ದವಳು ವಾಸಂತಿ. 1976ರಲ್ಲಿ ರೋಹಿಣಿ ಗಂಡಸರ ರಾಷ್ಟ್ರೀಯ ಪಂದ್ಯಕ್ಕೆ ಇಳಿದಳು. ಆಗ ವಯಸ್ಸು 13. ಹೆಣ್ಣು ಹೇಗೆ ಆಡುತ್ತಾಳೆ ಅಂತ ಗಲಾಟೆ, ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ, ಹೆಂಗಸರನ್ನು ತಡೆಯುವ ಹಾಗಿಲ್ಲ ಅಂತ ಹೇಳಬೇಕಾಯಿತು. ಆಗ ನಾನು ಕಾಲೇಜಿನಲ್ಲಿದ್ದೆ, ನಮ್ಮ ಅಪ್ಪ ಪೇಪರ್ ಮಡಚಿ ನನ್ನ ತಟ್ಟೆ ಪಕ್ಕದಲ್ಲಿ ಇಟ್ಟು ಏನೂ ಹೇಳದೆ ಆಫೀಸಿಗೆ ಹೋದರು.

ಇನ್ನೂ ಸಿಟ್ಟು ಬಂದಿದ್ದು ಕೊನೆಯ ಕಂತಿನಲ್ಲಿ. ನೋನಾ ಗಪ್ರಿಂದಾಶ್ವಿಲಿ ಗಂಡಸರ ಎದುರು ಆಡಿಯೇ ಇಲ್ಲ ಅಂತ ಒಂದು ಮಾತು ಬರುತ್ತದೆ. ಅವರು ನಿಜವಾದ ಮನುಷ್ಯರು! ಜಾರ್ಜಿಯಾದವರು, 1962ರಲ್ಲಿ ಮಹಿಳಾ ವಿಶ್ವ ಚಾಂಪಿಯನ್, 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ ಮೊದಲ ಹೆಂಗಸು. ಕಥೆಯ ಕಾಲ 1968, ಅಷ್ಟು ಹೊತ್ತಿಗೆ ಅವರು ಆಡಿದ ಗಂಡಸರ ಸಂಖ್ಯೆ 50 ದಾಟಿತ್ತು. 2021ರಲ್ಲಿ ಕೇಸ್ ಹಾಕಿದರು, ಮರುವರ್ಷ ರಾಜಿಯಾಯಿತು. ಇಲ್ಲದ ಹುಡುಗಿಯನ್ನು ದೊಡ್ಡವಳು ಮಾಡಲು ಇರುವವಳನ್ನು ಚಿಕ್ಕವಳು ಮಾಡುವುದು ಯಾವ ನ್ಯಾಯ?

ಮಡಗಾಂವ್ ಮೀನು:
ಅತ್ತೆ, ನೋನಾ ವಿಷಯ ನೂರಕ್ಕೆ ನೂರು ಒಪ್ಪಿದೆ. ಆದರೆ ಅದು ಹೆಂಗಸು ಗಂಡಸಿನ ಕಥೆ ಅಂತ ನನಗೆ ಅನಿಸಲೇ ಇಲ್ಲ, ಒಂಟಿ ಮಗುವಿನ ಕಥೆ. ನೆಲಮಾಳಿಗೆಯಲ್ಲಿ ಆಟ ಕಲಿಸಿದ ಆ ಜಾನಿಟರ್ ಶೈಬಲ್ ಹತ್ತಿರ ಮೊದಲ ಟೂರ್ನಿಗೆ ಅಂತ 5 ಡಾಲರ್ ಕೇಳಿ ಪತ್ರ ಬರೆಯುತ್ತಾಳೆ, 10 ವಾಪಸ್ ಕೊಡುತ್ತೇನೆ ಅನ್ನುತ್ತಾಳೆ, ಗೆದ್ದ ಮೇಲೆ ಮರೆತೇ ಬಿಡುತ್ತಾಳೆ. ಕೊನೆಗೆ ಅದೇ ನೆಲಮಾಳಿಗೆಗೆ ಹೋದಾಗ ಗೋಡೆಯ ತುಂಬ ಅವಳ ಪೇಪರ್ ಕಟಿಂಗ್. ನಾನು ಅಲ್ಲಿ ಅತ್ತಿದ್ದು.

2025ರ ಕೊನೆಗೆ ನಮ್ಮ ಗೋವಾದಲ್ಲೇ ವಿಶ್ವಕಪ್ ನಡೆಯಿತಲ್ಲ, ಅದನ್ನು ನೋಡಿದ ಮೇಲೆ ಸೀರೀಸ್‌ನ ಟಪಟಪ ನಡೆಗಳು ಸ್ವಲ್ಪ ನಗು ತರಿಸುತ್ತವೆ. 40 ನಡೆಗೆ ಒಬ್ಬೊಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಬೇರೆ. ಒಬ್ಬ ಎದ್ದು ನೀರು ಕುಡಿದು ಬರುತ್ತಾನೆ, ಇನ್ನೊಬ್ಬ ಅದೇ ಕುದುರೆ ನೋಡುತ್ತಾ ಕೂತಿರುತ್ತಾನೆ. ಅಂದಹಾಗೆ ಅಲ್ಲಿ ನಾಗ್ಪುರದ ದಿವ್ಯಾ ದೇಶಮುಖ್ ವೈಲ್ಡ್ ಕಾರ್ಡ್‌ನಲ್ಲಿ ಗಂಡಸರ ಮಧ್ಯೆ ಆಡಿದಳು. ಅದೇ ವರ್ಷ ಅವಳು ಮಹಿಳಾ ವಿಶ್ವಕಪ್ ಗೆದ್ದಿದ್ದು ಎಲ್ಲಿ ಹೇಳಿ? ನೋನಾ ಅವರ ಜಾರ್ಜಿಯಾದ ಬಟುಮಿಯಲ್ಲಿ. ಗೋವಾದಲ್ಲಿ ಮೊದಲ ಸುತ್ತಲ್ಲೇ ಸೋತಳು, ಕೋರ್ಟಿಗೆ ಯಾರೂ ಹೋಗಲಿಲ್ಲ.

ಡೊಂಬಿವಲಿ ಅಪ್ಪ:
ಮೀನು ಅವರೇ, ಶೈಬಲ್ ವಿಷಯ ಹೇಳಿಬಿಟ್ಟಿರಲ್ಲ ಮಾರಾಯ್ರೆ! ನನಗಿನ್ನೂ ಮೂರು ಕಂತು ಬಾಕಿ ಇದೆ ಅಂತ ಮೇಲೇ ಬರೆದಿದ್ದೆ.

ಇರಲಿ. ಮಗಳಿಗೆ ಸದ್ಯ ಬೇಡ ಅಂತ ತೀರ್ಮಾನ ಮಾಡಿದೆ, ಮುಖ ದಪ್ಪ ಮಾಡಿಕೊಂಡಿದ್ದಾಳೆ. ಕೊಥ್ರೂಡ್ ಅವರು ಹೇಳಿದ ಮೂರು ನಡೆ ಹಾಕಿಸಿದೆ. ನಾನು ಆಸೆ ಬಿದ್ದು ಹೊಡೆದೆ, ಉಳಿಸಿಕೊಳ್ಳಲು ನೋಡಿದೆ, ಹತ್ತು ನಿಮಿಷದಲ್ಲಿ ಆನೆ ಹೋಯಿತು.

ಅತ್ತೆಯವರೇ, ನಿಮ್ಮ ರೋಹಿಣಿ ಕಥೆ ಹೇಳಿದೆ. ಕೇಳಿ ಸುಮ್ಮನೆ ಒಳಗೆ ಹೋಗಿ ಕಪಾಟಿನಿಂದ ಒಂದು ಕಪ್ ತಂದು ಮುಂದಿಟ್ಟಳು. ಹೋದ ತಿಂಗಳು ಒಂದು ಟೂರ್ನಿಯಲ್ಲಿ ಅವಳ ವಯಸ್ಸಿನ ಗುಂಪಿನಲ್ಲಿ ನಾಲ್ಕನೇ ಸ್ಥಾನ ಬಂದಿತ್ತು. ಒಬ್ಬರಿಗೆ ಒಂದೇ ಬಹುಮಾನ ಅಂತ ಹೇಳಿ ಇವಳಿಗೆ 'ಬೆಸ್ಟ್ ಗರ್ಲ್' ಕಪ್ ಕೊಟ್ಟು, ನಾಲ್ಕನೆಯದನ್ನು ಇವಳೇ ಸೋಲಿಸಿದ್ದ ಹುಡುಗನಿಗೆ ಕೊಟ್ಟರು. ನಾನು ಅವತ್ತು ಖುಷಿಯಿಂದ ಫೋಟೊ ಹಿಡಿದಿದ್ದೆ. ಅವಳು ಯಾಕೆ ನಗಲಿಲ್ಲ ಅಂತ ಕೇಳಿರಲೂ ಇಲ್ಲ.

ಮಾಟುಂಗದ ಅತ್ತೆ:
ಕೇಳಪ್ಪಾ, ಈಗಲಾದರೂ ಕೇಳು. ಮುಂದಿನ ಸಲ ಫೀಸ್ ಕಟ್ಟುವ ಮೊದಲು ಬಹುಮಾನದ ನಿಯಮ ಬರಹದಲ್ಲಿ ತೋರಿಸಿ ಅನ್ನು. ಮತ್ತೆ ಆ ಮೂರು ಕಂತು ಬೇಗ ಮುಗಿಸು, ಮಾತಾಡುವುದು ಇನ್ನೂ ಬಹಳ ಇದೆ.

ಡೊಂಬಿವಲಿ ಅಪ್ಪ:
ಐದನೆಯದು ಇವತ್ತು ಸಂಜೆ, ಸೀಟು ಸಿಕ್ಕರೆ.