ಕ್ಯಾಮೆರಾಗೆ ಹೋಗಿ ಬಂದರೆ ಫಾರ್ಮ್ ಖಾಲಿ, ಆ್ಯಪ್ ಕಿಲ್ ಆಗುವುದನ್ನು ತಡೆಯಬಹುದೇ?

ಪ್ರಶ್ನೆ:
ಆಂಡ್ರಾಯ್ಡ್ 13, 3 ಜಿಬಿ ರ್‍ಯಾಮ್. ನಾನು ಬರೆದ ಆ್ಯಪ್‌ನಲ್ಲಿ ಫಾರ್ಮ್ ತುಂಬುತ್ತಾ ಮಧ್ಯೆ ಫೋಟೊಗೆಂದು ಕ್ಯಾಮೆರಾ ತೆರೆದು ವಾಪಸ್ ಬಂದರೆ ತುಂಬಿದ್ದೆಲ್ಲ ಹೋಗಿರುತ್ತದೆ. ಕ್ರ್ಯಾಶ್ ಲಾಗ್ ಇಲ್ಲ. ಸೇವ್ ಮಾಡುವ ಕೋಡ್ ಆನ್‌ಡಿಸ್ಟ್ರಾಯ್‌ನಲ್ಲಿದೆ (ಸ್ಕ್ರೀನ್ ನಾಶವಾಗುವಾಗ ಸಿಸ್ಟಮ್ ಕರೆಯುವ ಫಂಕ್ಷನ್), ಅದು ರನ್ ಆಗುತ್ತಲೇ ಇಲ್ಲ. ಡೇಟಾ ವ್ಯೂಮಾಡೆಲ್‌ನಲ್ಲಿದೆ (ಸ್ಕ್ರೀನಿನ ಡೇಟಾವನ್ನು ಮೆಮೊರಿಯಲ್ಲಿ ಹಿಡಿದಿಡುವ ಆಬ್ಜೆಕ್ಟ್). 8 ಜಿಬಿ ಫೋನಿನಲ್ಲಿ ತೊಂದರೆಯಿಲ್ಲ. ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸುತ್ತಾ ಓಡುತ್ತಲೇ ಇರುವ ಸೇವೆ) ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ 1:
ಬೇಡ. ಫಾರ್ಮ್ ಉಳಿಸುವುದಕ್ಕೆ ಇರುವ ಸೌಲಭ್ಯ ಅದಲ್ಲ, ಹಾಕಿದರೂ ಪ್ರೊಸೆಸ್ (ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್) ಉಳಿಯುವ ಖಾತ್ರಿಯಿಲ್ಲ.

ಕ್ಯಾಮೆರಾ ಮುಂದೆ ಬಂದ ಕೂಡಲೇ ನಿಮ್ಮ ಪ್ರೊಸೆಸ್‌ನ ಓಓಎಂ ಸ್ಕೋರ್ (ಮೆಮೊರಿ ಮುಗಿದಾಗ ಯಾವುದನ್ನು ಮೊದಲು ಕೊಲ್ಲಬೇಕೆಂದು ಹೇಳುವ ಅಂಕ) 0ಯಿಂದ ಸಾಮಾನ್ಯವಾಗಿ 700ಕ್ಕೆ ಏರುತ್ತದೆ. ಮೆಮೊರಿ ಸಾಲದೆ ಬಂದಾಗ ಎಲ್‌ಎಂಕೆಡಿ (ಮೆಮೊರಿ ಬಿಡಿಸಲು ಆ್ಯಪ್‌ಗಳನ್ನು ಕೊಲ್ಲುವ ಆಂಡ್ರಾಯ್ಡ್ ಸೇವೆ) ಹೆಚ್ಚು ಸ್ಕೋರ್ ಇರುವವನ್ನೇ ಮೊದಲು ಸಿಗ್‌ಕಿಲ್‌ನಿಂದ, ಅಂದರೆ ತಕ್ಷಣ ಕೊಲ್ಲುವ ಸಿಗ್ನಲ್ 9ರಿಂದ, ಮುಗಿಸುತ್ತದೆ. ಆಗ ಆನ್‌ಡಿಸ್ಟ್ರಾಯ್‌ನಂತಹ ಯಾವ ಕಾಲ್‌ಬ್ಯಾಕ್ ಕೂಡ ಬರುವುದಿಲ್ಲ. ವ್ಯೂಮಾಡೆಲ್ ಸ್ಕ್ರೀನ್ ತಿರುಗಿಸಿದರೆ ಉಳಿಯುತ್ತದೆ, ಪ್ರೊಸೆಸ್ ಹೋದರೆ ಅದೂ ಹೋಗುತ್ತದೆ.

ಫಾರ್ಮ್‌ನ ಡ್ರಾಫ್ಟನ್ನು ಪ್ರತಿ ಬದಲಾವಣೆಗೂ, ತಡವೆಂದರೆ ಆನ್‌ಸ್ಟಾಪ್‌ನಲ್ಲಿ (ಸ್ಕ್ರೀನ್ ಮರೆಯಾದಾಗ ಬರುವ ಕಾಲ್‌ಬ್ಯಾಕ್), ಫೋನಿನಲ್ಲೇ ಉಳಿಯುವ ರೂಮ್ ಡೇಟಾಬೇಸ್‌ಗೆ ಬರೆಯಿರಿ. ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿ (ಪ್ರೊಸೆಸ್ ಸತ್ತರೂ ಸಿಸ್ಟಮ್ ಉಳಿಸಿಕೊಡುವ ಚಿಕ್ಕ ಜಾಗ) ಡ್ರಾಫ್ಟ್ ಐಡಿ ಇದ್ದರೆ ಸಾಕು. ಫೋಟೊವನ್ನೇ ಅದರಲ್ಲಿ ತುರುಕಬೇಡಿ: ಅದರಲ್ಲಿರುವುದು ಸಿಸ್ಟಮ್‌ಗೆ ಸಾಗುವ ಬೈಂಡರ್ ಬಫರ್ ಇಡೀ ಪ್ರೊಸೆಸ್‌ಗೆ ಸೇರಿ ಸುಮಾರು 1 ಎಂಬಿ, ಮೀರಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ.

ಕಾರಣ ಇದೇ ಎಂದು ಖಚಿತಪಡಿಸಿಕೊಳ್ಳಲು ಮುಂದಿನ ಸಲ ಆ್ಯಪ್ ತೆರೆದಾಗ ಗೆಟ್‌ಹಿಸ್ಟಾರಿಕಲ್‌ಪ್ರೊಸೆಸ್‌ಎಕ್ಸಿಟ್‌ರೀಸನ್ಸ್ ಓದಿ (ಆ್ಯಪ್ ಹಿಂದೆ ಏಕೆ ಮುಗಿಯಿತೆಂದು ಹೇಳುವ ಫಂಕ್ಷನ್, ಆಂಡ್ರಾಯ್ಡ್ 11ರಿಂದ ಇದೆ). ಲೋ ಮೆಮೊರಿ ಕಾರಣದ ಬೆಲೆ 3. ಕೆಲವು ಫೋನ್‌ಗಳು ಅದನ್ನು ಹೇಳದೆ, ಬರೀ ಸಿಗ್ನಲ್ 9 ಎಂದು ತೋರಿಸುತ್ತವೆ.

ಉತ್ತರ 2:
ಮೇಲಿನದಕ್ಕೆ ಪೂರಕವಾಗಿ: ಹಿಂದಕ್ಕೆ ಸರಿದಾಗ ಆ್ಯಪ್ ಹಗುರವಾಗಿದ್ದಷ್ಟೂ ಉಳಿಯುವ ಸಂಭವ ಹೆಚ್ಚು. ಜೆಪೆಗ್ ಫೈಲಿನ ಗಾತ್ರ ನೋಡಿ ಮೋಸಹೋಗಬೇಡಿ. 4000×3000 ಚಿತ್ರ ಡಿಕೋಡ್ ಆದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 4.8 ಕೋಟಿ ಬೈಟ್, ಅಂದರೆ ಸುಮಾರು 46 ಎಂಬಿ. ಡಿಕೋಡ್ ಮಾಡುವಾಗ ಇನ್‌ಸ್ಯಾಂಪಲ್‌ಸೈಜ್ 4 ಕೊಟ್ಟರೆ (ಅಗಲ, ಎತ್ತರ ಎರಡೂ ಕಾಲುಭಾಗ) 3 ಎಂಬಿಯೊಳಗೆ ಮುಗಿಯುತ್ತದೆ, ಥಂಬ್‌ನೇಲ್‌ಗೆ ಅದು ಧಾರಾಳ. ಮೆಮೊರಿ ಬಿಟ್ಟುಕೊಡಲು ಸಿಸ್ಟಮ್ ಕರೆಯುವ ಆನ್‌ಟ್ರಿಮ್‌ಮೆಮೊರಿಯಲ್ಲಿ ಯುಐ ಹಿಡನ್ (20), ಅಂದರೆ ಆ್ಯಪ್ ಮರೆಯಾಗಿದೆ ಎಂಬ ಸೂಚನೆ, ಬಂದಾಗ ಚಿತ್ರಗಳ ಕ್ಯಾಶ್ ಖಾಲಿ ಮಾಡಿ.

ಪ್ರಶ್ನೆ ಕೇಳಿದವರು:
ಟೆಸ್ಟ್ ಮಾಡಲು ಡೆವಲಪರ್ ಆಪ್ಷನ್ಸ್‌ನ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಸಾಕಲ್ಲವೇ?

ಉತ್ತರ 3:
ಸಾಲದು. ಅದರಲ್ಲಿ ಆ್ಯಕ್ಟಿವಿಟಿ (ಆ್ಯಪ್‌ನ ಒಂದು ಸ್ಕ್ರೀನ್) ಮಾತ್ರ ನಾಶವಾಗುತ್ತದೆ, ಪ್ರೊಸೆಸ್ ಬದುಕಿರುತ್ತದೆ. ಸಿಂಗಲ್‌ಟನ್, ಸ್ಟ್ಯಾಟಿಕ್ ವೇರಿಯಬಲ್‌ಗಳೂ (ಇಡೀ ಪ್ರೊಸೆಸ್‌ಗೆ ಒಂದೇ ಇರುವ ಡೇಟಾ) ಹಾಗೇ ಉಳಿದು ಎಲ್ಲ ಸರಿಯಿದೆ ಎನಿಸುತ್ತದೆ. ಹೋಮ್ ಒತ್ತಿ, ಎಡಿಬಿ ಶೆಲ್‌ನಲ್ಲಿ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ) ‘ಎಎಂ ಕಿಲ್’ ಜೊತೆ ಪ್ಯಾಕೇಜ್ ಹೆಸರು ಕೊಟ್ಟು, ರೀಸೆಂಟ್ಸ್‌ನಿಂದ ಮತ್ತೆ ತೆರೆಯಿರಿ. ಆ್ಯಪ್ ಮುಂದೆ ಇರುವಾಗ ಈ ಕಮಾಂಡ್ ಏನೂ ಮಾಡದು. ಫೋರ್ಸ್ ಸ್ಟಾಪ್ ಬೇಡ, ರೀಸೆಂಟ್ಸ್‌ನಿಂದ ಸ್ವೈಪ್ ಮಾಡಿ ತೆಗೆಯುವುದೂ ಬೇಡ. ಎರಡರಲ್ಲೂ ಸೇವ್ಡ್ ಸ್ಟೇಟ್ ಅಳಿಸಿಹೋಗುತ್ತದೆ.

ಇನ್ನೊಂದು, ನಿಮ್ಮ ಸಂದರ್ಭದಲ್ಲಿ ಇದನ್ನು ಮರೆಯಲೇಬಾರದು: ಫೋಟೊ ಬರೆಯಲು ಕ್ಯಾಮೆರಾಗೆ ಕೊಟ್ಟ ಯುಆರ್‌ಐಯನ್ನೂ (ಫೈಲಿನ ವಿಳಾಸ) ಕ್ಯಾಮೆರಾ ತೆರೆಯುವ ಮೊದಲೇ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ಗೆ ಹಾಕಿ. ಇಲ್ಲದಿದ್ದರೆ ಫಾರ್ಮ್ ಮರಳಿ ಬಂದರೂ ಫೋಟೊ ಎಲ್ಲಿದೆಯೆಂದು ಆ್ಯಪ್‌ಗೆ ಗೊತ್ತಿರುವುದಿಲ್ಲ. ಕ್ಯಾಮೆರಾದ ಉತ್ತರ ಪಡೆಯಲು ನೋಂದಾಯಿಸುವ ರಿಜಿಸ್ಟರ್‌ಫಾರ್‌ಆ್ಯಕ್ಟಿವಿಟಿರಿಸಲ್ಟ್ ಕೂಡ ಬಟನ್ ಕ್ಲಿಕ್‌ನೊಳಗೆ ಇರಬಾರದು. ಆ್ಯಕ್ಟಿವಿಟಿ ಹುಟ್ಟಿದಾಗಲೆಲ್ಲ, ಯಾವ ಷರತ್ತೂ ಇಲ್ಲದೆ, ಅದೇ ಕ್ರಮದಲ್ಲಿ ನೋಂದಣಿಯಾದರೆ ಮಾತ್ರ ಹೊಸ ಪ್ರೊಸೆಸ್‌ಗೂ ಕ್ಯಾಮೆರಾದ ಉತ್ತರ ತಲುಪುತ್ತದೆ.